ಕಲ್ಲು ಬೆವರುತ್ತದೆ

ನನ್ನ ನೆಗೆಣ್ಣಿಯ ಖಡಕ್ ರೊಟ್ಟಿಗೆ ಬೂಷ್ಟು ಹಿಡಿದ ಸುದ್ದಿ ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಪೂರ್ತಿ ಕುಡಿದೆ. ಅಂಥ ರುಚಿಯ ಚಹಾ ಮತ್ತೆ ಸಿಕ್ಕಿಲ್ಲ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ವಾಡಿಯಲ್ಲಿ ಅವಳದೊಂದು ರೊಟ್ಟಿ ಕೇಂದ್ರ. ಖಾನಾವಳಿಗಳಿಗೆ ಬಿಸಿ ರೊಟ್ಟಿ ಕೊಡುತ್ತಿದ್ದಳು, ಬಡಿಯುವವರಲ್ಲಿ ನಾನೂ ಒಬ್ಬಳು. ಖಡಕ್ ರೊಟ್ಟಿಯಾದರೆ ತಿಂಗಳು ಇಡಬಹುದು, ದೂರದ ಊರಿಗೂ ಕಳಿಸಬಹುದು. ಶಹಾಬಾದದಲ್ಲಿ ಒಬ್ಬ ಮುದುಕಿ ಅದನ್ನೇ ಮಾಡುತ್ತಾಳೆ, ಹೋಗಿ ಕಲಿತು ಬರಲೇ ಎಂದು ಕೇಳಿದೆ. ಹಿಟ್ಟು ನಾದುತ್ತಿದ್ದ ಹೆಂಗಸರೆಲ್ಲರ ಮುಂದೆ ಅಂದಳು:

"ಕೇಳ್ರೇ, ರೊಟ್ಟಿ ಬಡ್ಯಾಕ ಈಕಿಗಿ ಉಸ್ತಾದ ಬೇಕಂತ. ನಾಳಿ ಲಂಗೋಟಿ ಕಟ್ಕೊಂಡು ಬರ್ತಾಳ ನೋಡ್ರಿ."

ಎಲ್ಲರೂ ನಕ್ಕರು. ಅಂದಿನಿಂದ ನನ್ನ ಹೆಸರು ಪೈಲ್ವಾನ ಎಂದಾಯಿತು. ವಾರದೊಳಗೆ ನನ್ನ ಒಲೆಯ ಮುಂದೆ ಬೇರೆಯವಳನ್ನು ಕೂಡಿಸಿದಳು.

ಶಹಾಬಾದಕ್ಕೆ ಹೋದೆ. ಮೊದಲ ದಿನ ಮುದುಕಿಯ ಅಂಗಳಕ್ಕೆ ಹಾಸಿದ ಫರಸಿ ಕಲ್ಲು ಗುಡಿಸಿ, ಸುಟ್ಟ ರೊಟ್ಟಿ ಅದರ ಮೇಲೆ ಹರವಿದೆ. ನಮ್ಮ ಕಡೆ ಸಂಡಿಗೆ, ಮೆಣಸಿನಕಾಯಿ ಎಲ್ಲ ಒಣಗುವುದು ಫರಸಿಯ ಮೇಲೆಯೇ. ಮುದುಕಿ ಒಂದು ರೊಟ್ಟಿ ತಿರುವಿ ತೋರಿಸಿದಳು. ಕೆಳಗಿನ ಮೈ ಒದ್ದೆ.

"ಎತ್ತವ್ವ. ಬಿಸಿ ರೊಟ್ಟಿ ಇಟ್ರ ಕಲ್ಲು ಬೆವರ್ತದ."

ಹಗ್ಗದ ಹೊರಸಿನ ಮೇಲೆ ಬಟ್ಟೆ ಹಾಸಿ ಹರವಬೇಕು, ಕೆಳಗಿನಿಂದ ಗಾಳಿಯಾಡಬೇಕು. ಪೂರ್ತಿ ಆರುವ ತನಕ ಒಂದರ ಮೇಲೊಂದು ಇಡಬಾರದು. ಆಗದ ಆರ್ಡರಿಗೆ ಹೂಂ ಅನ್ನಬಾರದು. ಮಾಲು ನೋಡುವಾಗ ತಳದ ರೊಟ್ಟಿ ತೆಗೆದು ಮುರಿಯಬೇಕು, ಮೇಲಿನದು ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಇಷ್ಟನ್ನು ಒಬ್ಬಳೇ ಕಲಿಯಲು ಹೋಗಿದ್ದರೆ ಎಷ್ಟು ಚೀಲ ಜೋಳ ಹಾಳು ಮಾಡುತ್ತಿದ್ದೆನೋ. ಹೊರಡುವಾಗ ಮುದುಕಿ, ಕೇಳಿದವರಿಗೆ ಹೇಳಿಕೊಡು, ಮುಚ್ಚಿಡಬೇಡ ಎಂದಳು.

ವಾಡಿಗೆ ಬಂದು ನೆಗೆಣ್ಣಿಯ ಎದುರು ಮನೆಯನ್ನೇ ಬಾಡಿಗೆಗೆ ಹಿಡಿದೆ. ಬೇರೆ ಕಡೆಯೂ ಮನೆ ಇದ್ದವು. ನನಗೆ ಅದೇ ಬೇಕಿತ್ತು.

ಅವಳೂ ಖಡಕ್ ರೊಟ್ಟಿ ಶುರು ಮಾಡಿದಳು. ಹಂಚು, ಚೀಲ, ಕಟ್ಟುವ ರೀತಿ ಎಲ್ಲ ರಸ್ತೆಯಾಚೆಯಿಂದ ನೋಡಿ ಕಲಿತಳು. ಹೊರಸು ಮಾತ್ರ ನನ್ನ ಹಿತ್ತಲಲ್ಲಿದ್ದವು; ಅವಳು ಹರವಿದ್ದು ಅಂಗಳದ ಫರಸಿಯ ಮೇಲೆ. ಸೇಡಂನ ಕೂಲಿಕಾರರ ಮೆಸ್ಸಿನವನು ದೊಡ್ಡ ಆರ್ಡರಿಗಾಗಿ ಇಬ್ಬರನ್ನೂ ಕೇಳಿದ. ನಾನು ಅರ್ಧ ಆಗುತ್ತದೆ ಎಂದೆ. ಅವಳು ಪೂರ್ತಿ ತಾನೇ ಕೊಡುತ್ತೇನೆಂದು ಹಿಡಿದಳು. ಅವಳ ಚೀಲದ ತಳದ ರೊಟ್ಟಿಗೆ ಬೂಷ್ಟು ಬಂತು. ಆರ್ಡರು ನನಗೆ ಬಂತು, ಅವಳಲ್ಲಿ ಬಡಿಯುತ್ತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ರಸ್ತೆ ದಾಟಿ ಬಂದರು.

ಕೊನೆಗೆ ಅವಳೇ ಬಂದಳು. ಬಡಿಯುತ್ತಿದ್ದ ಹೆಂಗಸರ ನಡುವೆಯೇ ಕೂಡಿಸಿದೆ, ಚಹಾ ಕೊಟ್ಟೆ. ಜೋಳ ಚಿಂಚೋಳಿ ಕಡೆಯದೇನು ಎಂದಳು. ಹೌದೆಂದೆ. ಹಂಚು ಹೊಸದೇನು ಎಂದಳು. ಹಳೆಯದೇ ಎಂದೆ. ಅವಳ ಕಣ್ಣು ಹಿತ್ತಲ ಬಾಗಿಲ ಕಡೆ ಹೋಯಿತು. ಎದ್ದು ಹೋಗಿ ಆ ಹೊಸ್ತಿಲ ಮೇಲೆ ಕೂತೆ.

"ಅಕ್ಕ, ಕಲಿಸು ಅಂದ್ರ ಕಲಿಸ್ತೀನಿ. ಇವ್ರೆಲ್ಲರ ಮುಂದ ಕೇಳು."

"ನಿನ್ನ ಮುಂದ ನಾ ಕೈಕಟ್ಟಿ ನಿಂದರ್ಬೇಕೇನು?"

"ಕುಂತೇ ಕೇಳು. ಲಂಗೋಟಿ ನಾನೇ ಕೊಡ್ತೀನಿ."

ಹೆಂಗಸರು ನಕ್ಕರು. ಅದೇ ಹೆಂಗಸರು. ಅವಳು ಅರ್ಧ ಚಹಾ ಬಿಟ್ಟು ಎದ್ದುಹೋದಳು.

ಫೋನಿನಲ್ಲಿ ಹೇಳಿದಾಗ ಮುದುಕಿ ಬೈದಳು. ಹೇಳಿಕೊಡು ಎಂದಿದ್ದೆ, ಕೇಳಿದವರ ತಲೆ ಬಗ್ಗಿಸು ಎಂದಿರಲಿಲ್ಲ ಎಂದಳು. ಬೈಸಿಕೊಂಡೆ. ರೊಟ್ಟಿಯ ವಿಷಯದಲ್ಲಿ ಅವಳ ಮಾತು ಒಂದನ್ನೂ ಮೀರಿಲ್ಲ. ಇದು ರೊಟ್ಟಿಯ ವಿಷಯವಲ್ಲ.

ಕೊಳೆಯಿಂದ ಬೂಷ್ಟು ಬಂತೆಂದು ನೆಗೆಣ್ಣಿ ಈಗ ದಿನಾ ಬೆಳಿಗ್ಗೆ ಫರಸಿ ತೊಳೆಯುತ್ತಾಳೆ. ಕೊಡಗಟ್ಟಲೆ ನೀರು ಹಾಕಿ ತಿಕ್ಕಿ ತಿಕ್ಕಿ ತೊಳೆದು, ಮೇಲೆ ಬಿಸಿ ರೊಟ್ಟಿ ಹರವುತ್ತಾಳೆ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತೇನೆ.