ಒಂದೇ ದಾರದ ಶಿಲುಬೆ ಮತ್ತು ಸೀಟಿ

ನನ್ನ ಕೊರಳಲ್ಲಿ ಒಂದು ಕಪ್ಪು ದಾರವಿದೆ. ಅದರಲ್ಲಿ ಎರಡು ವಸ್ತುಗಳು ತೂಗಾಡುತ್ತವೆ. ಒಂದು, ಅಜ್ಜಿಯಿಂದ ಬಂದ ಹಿತ್ತಾಳೆಯ ಪುಟ್ಟ ಶಿಲುಬೆ. ಇನ್ನೊಂದು, ಶಾಲೆಯಿಂದ ನಿವೃತ್ತನಾಗುವಾಗ ಹಿಂತಿರುಗಿಸಲು ಮರೆತ, ಅಥವಾ ಮರೆತಂತೆ ನಟಿಸಿದ, ಉಕ್ಕಿನ ಸೀಟಿ. ನಡೆಯುವಾಗ ಇವೆರಡೂ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಆ ಸದ್ದಿನಿಂದಲೇ ನನ್ನ ಧರ್ಮಪತ್ನಿ ಲೂಸಿಗೆ, ನಾನು ಮನೆಯ ಯಾವ ಬಾಗಿಲಿನ ಚಿಲಕವನ್ನು ಎಷ್ಟನೆಯ ಬಾರಿ ಪರೀಕ್ಷಿಸುತ್ತಿದ್ದೇನೆಂಬುದು ಅಡುಗೆಮನೆಯಲ್ಲಿ ಕುಳಿತಲ್ಲೇ ತಿಳಿದುಬಿಡುತ್ತದೆ. ಒಂದು ದಿನ ಅವಳು ಕಡಲೆ ಸುಲಿಯುತ್ತಾ, ತಲೆ ಎತ್ತದೆಯೇ ಕೇಳಿದಳು: "ಆನೆ ಎದುರಿಗೆ ಬಂತು ಅಂತ ಇಟ್ಕೊಳ್ಳಿ. ನಿಮ್ಮ ಕೈ ಮೊದಲು ಯಾವುದಕ್ಕೆ ಹೋಗ್ತದೆ?" ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಬದುಕಿದ ನಾನು ಹಿತ್ತಲ ಬಾಗಿಲಿನ ಚಿಲಕ ನೋಡಲು ಎದ್ದುಹೋದೆ.

ನೀವು ನಗುವ ಮುನ್ನ ನಮ್ಮ ಊರಿನ ವಿಚಾರ ಸ್ವಲ್ಪ ಕೇಳಬೇಕು. ಕೊಡಗಿನ ಅಂಚಿನ ಕುಟ್ಟದ ಆಚೆ ಕೇರಳ, ಈಚೆ ಕಾಡು, ನಡುವೆ ಕಾಫಿ. ಆ ಕಾಫಿಯ ನಡುವೆ ಮೂರೆಕರೆಯ ಒಡೆಯನಾದ ನಾನು. ಆನೆಗಳಿಗೆ ಈ ಗಡಿಗಳ ಪೈಕಿ ಯಾವುದೂ ಮಾನ್ಯವಲ್ಲ. ಹಲಸು ಹಣ್ಣಾದಾಗ ಬರುತ್ತವೆ, ಹಣ್ಣಾಗದಿದ್ದಾಗ ವಿಚಾರಿಸಿಕೊಂಡು ಹೋಗಲು ಬರುತ್ತವೆ. ಆದ್ದರಿಂದ ಎಚ್ಚರಿಕೆ ನಮ್ಮಲ್ಲಿ ಹೇಡಿತನವೆನಿಸುವುದಿಲ್ಲ. ಆದರೆ ಎಚ್ಚರಿಕೆಗೂ ಹೆದರಿಕೆಗೂ ನಡುವೆ ಎಲ್ಲೋ ಒಂದು ಬೇಲಿಯಿದೆ, ನಾನು ಬಹಳ ವರ್ಷಗಳಿಂದ ಅದರ ಆಚೆ ಬದಿಯಲ್ಲಿಯೇ ವಾಸವಾಗಿದ್ದೇನೆ. ಸೀಟಿಯ ಉಪಯುಕ್ತತೆಯ ಬಗ್ಗೆ ಪಕ್ಕದ ಎಸ್ಟೇಟಿನ ರೈಟರ್ ಕುಶಾಲಪ್ಪನನ್ನು ಒಮ್ಮೆ ಕೇಳಿದೆ. ಆಳುಗಳ ಹಾಜರಿ ಹಾಕುತ್ತ, ಆನೆಗಳ ಚಲನವಲನ ಬಲ್ಲ ಮನುಷ್ಯ ಆತ. "ಸೀಟಿ ಊದಿದ್ರೆ ನೀವು ಎಲ್ಲಿದ್ದೀರಿ ಅಂತ ಆನೆಗೆ ಗೊತ್ತಾಗ್ತದೆ, ಅಷ್ಟೆ ಮಾಷ್ಟ್ರೆ" ಎಂದ. ಆದರೂ ನಾನದನ್ನು ಕೊರಳಿಂದ ತೆಗೆಯಲಿಲ್ಲ.

ಇದರ ಇನ್ನೊಂದು ಮುಖವನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಭಾನುವಾರಗಳಂದು ಚರ್ಚಿನಲ್ಲಿ ಮಕ್ಕಳಿಗೆ ಧರ್ಮಬೋಧೆ ಮಾಡುವವನು. ಅಂಜಬೇಡಿ, ನಿಮ್ಮನ್ನು ಸೃಷ್ಟಿಸಿದವನು ನಿಮ್ಮನ್ನು ಕೈಬಿಡುವುದಿಲ್ಲ ಎಂಬ ಪಾಠವನ್ನು ಎಷ್ಟು ಸೊಗಸಾಗಿ ಹೇಳುತ್ತೇನೆಂದರೆ, ಕೇಳಿ ಕೇಳಿ ನನಗೇ ಕಣ್ಣು ತುಂಬುವುದುಂಟು. ಪಾಠ ಮುಗಿಸಿ ಪೂಜೆಗೆ ಕೂತರೆ ಮಾತ್ರ ಮನಸ್ಸು ಕಿಟಕಿಯಾಚೆ ಹೋಗುತ್ತದೆ. ಸಂಜೆಯ ಪೂಜೆಯಾದರಂತೂ ಪಾದ್ರಿಯವರು ಅಂತಿಮ ಆಶೀರ್ವಾದಕ್ಕೆ ಕೈ ಎತ್ತುವ ಹೊತ್ತಿಗೆ ನಾನು ಗೇಟು ದಾಟಿರುತ್ತೇನೆ, ಏಕೆಂದರೆ ಕತ್ತಲಾಗುವ ಮೊದಲು ಮನೆ ಸೇರಬೇಕು. ಕ್ಷೇಮವಾಗಿರಬೇಕೆಂಬ ಆತುರದಲ್ಲಿ ಆಶೀರ್ವಾದವನ್ನೇ ಬಿಟ್ಟು ಓಡುವವನು ಈ ಧರ್ಮಪ್ರಾಂತ್ಯದಲ್ಲಿ ನಾನೊಬ್ಬನೇ ಇರಬೇಕು. ಪಾದ್ರಿಯವರು ಒಮ್ಮೆ, ನಿಮ್ಮ ಪಾಲಿನ ಆಶೀರ್ವಾದ ಇಲ್ಲೇ ಬಾಕಿ ಉಳಿದಿದೆ ಮಾಷ್ಟ್ರೆ, ಯಾವಾಗ ಒಯ್ಯುತ್ತೀರಿ ಎಂದು ಕೇಳಿದರು. ನಾನು ನಕ್ಕು ತೇಲಿಸಿದೆ.

ಹೀಗೆ ನನ್ನ ಹೆದರಿಕೆ ನನ್ನೊಬ್ಬನದಾಗಿದ್ದಷ್ಟು ದಿನ ಅದು ಊರಿಗೊಂದು ವಿನೋದ. ಆದರೆ ಕಳೆದ ಜನವರಿಯಲ್ಲಿ ಅದು ಬೇರೆಯವರ ಮನೆ ಬಾಗಿಲು ತಟ್ಟಿತು. ಈ ಬರಹ ಶುರುವಾದದ್ದೂ ಅಲ್ಲಿಂದಲೇ.

ನಮ್ಮ ಕಡೆ ಆನೆಯ ವಿಚಾರ ತಿಳಿಸಲು ಮೊಬೈಲಿನಲ್ಲಿ ಒಂದು ಗ್ರೂಪ್ ಇದೆ. ಬೆಳಿಗ್ಗೆ ಯಾರಾದರೂ ಹೆಜ್ಜೆಯನ್ನೋ ಲದ್ದಿಯನ್ನೋ ಕಂಡರೆ ಅದರಲ್ಲಿ ಹಾಕುತ್ತಾರೆ. ಅದನ್ನು ನೋಡಿ ಕುಶಾಲಪ್ಪ ಆ ದಿನದ ಕಾಫಿ ಪಿಕ್ಕಿಂಗ್ ಎಲ್ಲಿ ಎಂದು ನಿರ್ಧರಿಸುತ್ತಾನೆ, ಶಾಲೆಯ ವ್ಯಾನು ಯಾವ ದಾರಿಯಲ್ಲಿ ಬರಬೇಕೆಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಆ ಶುಕ್ರವಾರ ಮುಂಜಾನೆ ನಾನು ಬೇಲಿಯವರೆಗೆ ಹೋದಾಗ ಎಸ್ಟೇಟಿನ ಕೂಲಿಗಳ ಲೈನುಮನೆಗಳಿಗೆ ಹೋಗುವ ಮಣ್ಣು ರಸ್ತೆಯ ನಡುವೆ ಲದ್ದಿ ಕಾಣಿಸಿತು. ಹೊಳೆಯುತ್ತಿತ್ತು, ಒದ್ದೆಯಾಗಿತ್ತು. ಈ ಊರಿನ ಯಾವ ಮಗುವಾದರೂ ಹತ್ತಿರ ಹೋಗಿ, ಕಡ್ಡಿಯಿಂದ ಒಡೆದು, ಒಳಗೆ ಬಿಸಿಯಿದೆಯೇ ಎಂದು ನೋಡುತ್ತದೆ. ಹತ್ತಿರ ಹೋಗಲು ನನಗೆ ಧೈರ್ಯವಿರಲಿಲ್ಲ. ಬೇಲಿಯ ಈಚೆಯಿಂದಲೇ ಮೊಬೈಲಿನಲ್ಲಿ ದೊಡ್ಡದು ಮಾಡಿ ಚಿತ್ರ ತೆಗೆದು, "ಹಸಿ ಲದ್ದಿ. ಆನೆಗಳು ಈಗಷ್ಟೇ ಲೈನಿನ ರಸ್ತೆ ದಾಟಿವೆ. ಯಾರೂ ಬರಬಾರದು." ಎಂದು ಪೂರ್ಣವಿರಾಮಗಳ ಸಮೇತ ಬರೆದು ಕಳುಹಿಸಿದೆ. ಬೇರೆಯವರು ಬರೆದಿದ್ದರೆ ಒಬ್ಬರಾದರೂ ಅನುಮಾನಿಸುತ್ತಿದ್ದರೇನೋ. ಮಾಷ್ಟ್ರು ಬರೆದದ್ದು, ಅದೂ ಶುದ್ಧ ಕನ್ನಡದಲ್ಲಿ, ಎಂದು ಎಲ್ಲರೂ ನಂಬಿದರು. ಹತ್ತು ಗಂಟೆಗೆ ಕುಶಾಲಪ್ಪ ಬಂದು, ಕಾಲಿನಿಂದ ಅದನ್ನು ಹೊರಳಿಸಿ, "ಮೂರು ದಿನದ್ದು ಮಾಷ್ಟ್ರೆ. ಒಳಗೆ ಒಣಗಿ ನಾರಾಗಿದೆ. ಮೇಲೆ ಮಂಜು ಬಿದ್ದು ಒದ್ದೆ" ಎಂದ. ನಾನು ಆಗಲೂ, ಇರಲಿ, ಜಾಗ್ರತೆಗೆ ಹೇಳಿದ್ದಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಆ ಮಣ್ಣು ರಸ್ತೆಯ ಕೊನೆಯಲ್ಲಿ, ಲೈನಿನ ಕಡೆಯ ಮನೆಯಲ್ಲಿ, ತ್ರೇಸ್ಯಮ್ಮ ಇದ್ದಾರೆ. ಮೊದಲು ಎಸ್ಟೇಟಿನಲ್ಲಿ ದುಡಿದವರು, ಈಗ ಒಬ್ಬರೇ. ಮಗಳನ್ನು ಗಡಿಯಾಚೆ ಮಾನಂತವಾಡಿಗೆ ಕೊಟ್ಟಿದೆ. ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಡ್ರೈವರ್ ಹಂಸನ ಬಾಡಿಗೆ ಜೀಪು ಲೈನಿನ ತನಕ ಬಂದು ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತದೆ. ನನ್ನ ಸಂದೇಶ ಓದಿ ಹಂಸ ಅರ್ಧ ದಾರಿಯಿಂದ ಜೀಪು ತಿರುಗಿಸಿದ. ಆಸ್ಪತ್ರೆಯಲ್ಲಿ ತಪ್ಪಿದ ಸರದಿ ಮತ್ತೆ ಆ ದಿನ ಸಿಗುವುದಿಲ್ಲ. ನನಗೆ ಇದ್ಯಾವುದೂ ತಿಳಿಯಲಿಲ್ಲ, ತಿಳಿಯಬೇಕೆಂದು ತೋಚಲೂ ಇಲ್ಲ. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಿನ ತುದಿ ಖಾಲಿ ಇದ್ದುದನ್ನು ಕಂಡ ಲೂಸಿ, "ತ್ರೇಸ್ಯಮ್ಮ ಎಲ್ಲಿ?" ಎಂದಳು. ಆ ಹೊತ್ತಿಗೆ ಮೈ ಬಾತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕುಳಿತಿದ್ದ ಅವರನ್ನು ಲೈನಿನವರು ಕುರ್ಚಿಯಲ್ಲಿ ಕೂರಿಸಿ ಟಾರು ರಸ್ತೆಗೆ ಹೊತ್ತು ತಂದಿದ್ದರು. ಬದುಕಿ ಬಂದರು. ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರಂತೆ.

ಆ ವಾರ ನಾನು ಅನುಭವಿಸಿದ ನಾಚಿಕೆಯನ್ನು ಹಾಸ್ಯವಾಗಿ ಹೇಳಲು ನನಗೆ ಬರುವುದಿಲ್ಲ. ಎಲ್ಲ ಚಿಲಕಗಳನ್ನೂ ನೋಡಿಕೊಂಡಿದ್ದೆ, ಆದರೂ ಅಪಾಯ ನನ್ನಿಂದಲೇ ಹೊರಟು ತ್ರೇಸ್ಯಮ್ಮನ ಮನೆಗೆ ಹೋಗಿತ್ತು. ಅವರು ಮನೆಗೆ ಮರಳಿದ ಮೇಲೆ ಲೂಸಿಯನ್ನು ಕರೆದುಕೊಂಡು ಲೈನಿಗೆ ಹೋದೆ. ತ್ರೇಸ್ಯಮ್ಮ ನಮಗೆ ಬೆಲ್ಲದ ಕಾಫಿ ಮಾಡಿಕೊಟ್ಟರು. ದಿನಕ್ಕೆ ಇಷ್ಟೇ ನೀರು ಎಂದು ಅಳೆದಿಟ್ಟ ಒಂದು ಲೋಟ ಅವರ ಪಕ್ಕದಲ್ಲಿ ಮುಚ್ಚಿಟ್ಟಿತ್ತು, ಅದನ್ನು ಅವರು ಮುಟ್ಟಲಿಲ್ಲ. ನಾನು ಕ್ಷಮೆ ಕೇಳಿದೆ, ಸುಳ್ಳು ಸುದ್ದಿ ಕಳುಹಿಸಿದೆ ಎಂದೆ.

"ಸುಳ್ಳಲ್ಲ ಮಾಷೆ, ನಿಮ್ಮ ಪೇಡಿ ಕಳಿಸಿದ್ದು" ಎಂದರು. ಪೇಡಿ ಎಂದರೆ ಅವರ ಮಲೆಯಾಳದಲ್ಲಿ ಹೆದರಿಕೆ.

ನಿಮಗೆ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಅವರು ಎಡಗೈಯ ಮೇಲಿನ ಸೆರಗು ಸರಿಸಿ, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರವನ್ನು ತೋರಿಸಿದರು. "ಆಗೂದಿಲ್ಲ ಅಂತ ಯಾರು ಹೇಳಿದ್ದು? ಪ್ರತಿ ಸಲ ಆ ಸೂಜಿ ಕಂಡ್ರೆ ಆಗ್ತದೆ. ಕರ್ತಾವು, ನಮ್ಮ ದೇವರು, ಮಂಚದ ಆಚೆ ಬದಿ ಕೂತಿದ್ದಾನೆ ಅಂತ ಹೇಳ್ಕೊಂಡು ಕೈ ಕೊಡ್ತೇನೆ. ಕೈ ಕೊಡುವಾಗಲೂ ಹೆದರಿಕೆ ಉಂಟು. ಆದ್ರೂ ಕೊಡ್ತೇನೆ."

ನಾನು ಮಕ್ಕಳಿಗೆ ಕಲಿಸುತ್ತಿದ್ದ ಪಾಠದಲ್ಲಿ ಈ ಭಾಗ ಇರಲಿಲ್ಲ. ನಂಬಿಕೆ ಬಂದೊಡನೆ ಹೆದರಿಕೆ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆಂದು ನಾನು ತಿಳಿದಿದ್ದೆ. ಅದು ಹೊರಡದ್ದರಿಂದ ನನ್ನಲ್ಲಿ ನಂಬಿಕೆಯೇ ಇಲ್ಲವೆಂದೂ ಒಳಗೊಳಗೆ ತೀರ್ಮಾನಿಸಿಬಿಟ್ಟಿದ್ದೆ. ಎರಡೂ ಒಂದೇ ಮನೆಯಲ್ಲಿರಬಹುದು, ಯಜಮಾನಿಕೆ ಯಾರದು ಎಂಬುದಷ್ಟೇ ಪ್ರಶ್ನೆ ಎಂದು ಆ ಹೆಂಗಸು ಹೇಳಿದಂತಾಯಿತು. ಕೇಳಲು ಚೆನ್ನಾಗಿತ್ತು. ಹಾಗೆಂದು ಮನೆಗೆ ಬಂದು ಚಿಲಕ ನೋಡುವುದನ್ನು ನಾನೇನೂ ಬಿಡಲಿಲ್ಲ.

ಮುಂದಿನ ಶುಕ್ರವಾರ ಆನೆ ನಿಜವಾಗಿಯೇ ಬಂತು. ಈ ಸಲ ಸುದ್ದಿ ಹಾಕಿದವನು ಕುಶಾಲಪ್ಪ, ಕಣ್ಣಾರೆ ಕಂಡು: ಮರಿಯ ಸಮೇತ ಮೂರು. ಗಂಡಸರೆಲ್ಲ ಅರಣ್ಯ ಇಲಾಖೆಯವರ ಜೊತೆ ಅವನ್ನು ಗದ್ದೆಯ ಕಡೆಗೆ ಅಟ್ಟಲು ಹೋದರು, ಹೆಂಗಸರು ಲೈನಿನಿಂದ ಹೊರಬರಬಾರದೆಂದಾಯಿತು. ಹಂಸ ನನಗೆ ಫೋನು ಮಾಡಿದ: ಟಾರು ರಸ್ತೆಯ ಗೇಟಿನವರೆಗೆ ಬರುತ್ತೇನೆ, ಮಣ್ಣು ರಸ್ತೆಯಲ್ಲಿ ಜೀಪು ತಿರುಗಿಸಲು ಜಾಗವಿಲ್ಲ, ಆನೆ ಎದುರಾದರೆ ಸಿಕ್ಕಿಬೀಳುತ್ತೇವೆ. ಗೇಟಿನವರೆಗೆ ತ್ರೇಸ್ಯಮ್ಮನನ್ನು ಯಾರಾದರೂ ನಡೆಸಿಕೊಂಡು ಬನ್ನಿ ಎಂದ. ಯಾರಾದರೂ ಎಂದರೆ ಯಾರು? ನಾನು ಕುಶಾಲಪ್ಪನಿಗೆ ಮೂರು ಸಲ ಫೋನು ಮಾಡಿದೆ. "ಈಗ ಗದ್ದೆಯಲ್ಲೇ ಉಂಟು, ದಾರಿ ಖಾಲಿ. ಆದ್ರೆ ಗ್ಯಾರಂಟಿ ಕೇಳ್ಬೇಡಿ ಮಾಷ್ಟ್ರೆ" ಎಂದು ಮೂರು ಸಲವೂ ಅದನ್ನೇ ಹೇಳಿದ. ನಾಲ್ಕನೆಯ ಸಲ ಮಾಡಲು ಹೊರಟಾಗ ಲೂಸಿ ಚಪ್ಪಲಿ ಮೆಟ್ಟುತ್ತಿದ್ದಳು. "ನಾನು ಹೋಗಿ ಬರ್ತೇನೆ. ನೀವು ಗ್ರೂಪ್ ನೋಡ್ಕೊಂಡಿರಿ." ಅದರಲ್ಲಿ ಕುಹಕವಿರಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. ನಾನು ಹೊರಟೆ.

ಲೈನಿನಿಂದ ಗೇಟಿಗೆ ನನ್ನ ಕಾಲಿನಲ್ಲಿ ಐದು ನಿಮಿಷ, ನನ್ನ ಹೆದರಿಕೆಯ ಕಾಲಿನಲ್ಲಿ ಎರಡೇ. ಆದರೆ ಡಯಾಲಿಸಿಸ್ ದಿನ ಬೆಳಿಗ್ಗೆ ತ್ರೇಸ್ಯಮ್ಮನಿಗೆ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಆನೆ ಬಂದರೆ ಓಡಿ ಎಂಬುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಓಡಲಾಗದವರ ಜೊತೆ ನಡೆಯುವಾಗ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಎಡಗೈಯಲ್ಲಿ ಅವರ ಚೀಲ, ಬಲಗೈಯಲ್ಲಿ ಅವರ ಕೈ. ಜಪಸರ ಹೇಳಿ ಮಾಷೆ, ನನಗೆ ದಮ್ಮಿಲ್ಲ, ನಾನು ಮನಸ್ಸಲ್ಲೇ ಹೇಳ್ತೇನೆ ಎಂದರು. ಹತ್ತು ಹತ್ತರ ಲೆಕ್ಕದಲ್ಲಿ ಒಂದೇ ಪ್ರಾರ್ಥನೆ ಹೇಳತೊಡಗಿದೆ. ಎರಡು ಸಲ ಲೆಕ್ಕ ತಪ್ಪಿತು, ಒಮ್ಮೆ ನಡುವಿನ ಸಾಲೇ ಮರೆತುಹೋಯಿತು. ಎಷ್ಟೋ ಮಕ್ಕಳಿಗೆ ಕಂಠಪಾಠ ಮಾಡಿಸಿದ ಪ್ರಾರ್ಥನೆ ಅದು.

ಅರ್ಧ ದಾರಿಯಲ್ಲಿ, ಬಲಬದಿಯ ಕಾಫಿಯ ಒಳಗೆ, ಕೊಂಬೆ ಮುರಿದ ಸದ್ದಾಯಿತು. ಒಣ ಕೊಂಬೆಯದಲ್ಲ, ಹಸಿ ಕೊಂಬೆಯದು. ಆಮೇಲೆ ಏನೂ ಇಲ್ಲ. ನನ್ನ ಪ್ರಾರ್ಥನೆ ನಿಂತಿತು. ದೇವರೇ ಎಂದೆನೋ ಇಲ್ಲವೋ ನೆನಪಿಲ್ಲ. ಇಬ್ಬರೂ ನಿಂತೆವು. ಎಷ್ಟು ಹೊತ್ತು ನಿಂತೆವೋ, ತ್ರೇಸ್ಯಮ್ಮನೇ ಮೆಲ್ಲಗೆ ನನ್ನ ಕೈ ಒತ್ತಿ, "ನಡೀರಿ ಮಾಷೆ. ನಿಂತ್ರೆ ದಮ್ಮು ಜಾಸ್ತಿ" ಎಂದರು. ನಡೆದೆವು, ಅದೇ ನಿಧಾನದಲ್ಲಿ, ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ. ಗೇಟಿನಲ್ಲಿ ಹಂಸ ಜೀಪಿನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದ. ಅವರನ್ನು ಕೂರಿಸಿದ ಮೇಲೆ ನನ್ನ ಬೆರಳುಗಳನ್ನು ಅವರೇ ಒಂದೊಂದಾಗಿ ಬಿಡಿಸಬೇಕಾಯಿತು, ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಕೊಂಬೆ ಮುರಿದದ್ದು ಯಾರೆಂದು ಇಂದಿಗೂ ತಿಳಿಯದು. ಆನೆಯೇ ಇರಬಹುದು, ಮುಸುವ ಇರಬಹುದು. ಹಿಂದಿರುಗುವಾಗ ಒಬ್ಬನೇ ಆದ ನಾನು ಆ ಇಡೀ ದಾರಿಯನ್ನು ಓಡಿಯೇ ಕ್ರಮಿಸಿದೆನೆಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಓಡುವಾಗ ಕೊರಳಲ್ಲಿ ಶಿಲುಬೆಯೂ ಸೀಟಿಯೂ ಜೋರಾಗಿ ತಾಗಾಡಿದಾಗಲೇ, ಅವೆರಡೂ ಅಲ್ಲಿದ್ದವೆಂಬುದು ನನಗೆ ನೆನಪಾದದ್ದು.

ಈಗ ಸಂಜೆಯ ಪೂಜೆಯಲ್ಲಿ ಅಂತಿಮ ಆಶೀರ್ವಾದದವರೆಗೆ ಕೂರುತ್ತೇನೆ, ಕಾಲು ಕುಣಿಸುತ್ತಾ. ಗ್ರೂಪಿನಲ್ಲಿ ಏನನ್ನಾದರೂ ಹಾಕುವ ಮೊದಲು ಕಡ್ಡಿ ಹಿಡಿದು ಹತ್ತಿರ ಹೋಗುತ್ತೇನೆ. ಆನೆಯ ಸುದ್ದಿಯಿರಲಿ ಇಲ್ಲದಿರಲಿ, ಮಂಗಳವಾರ ಶುಕ್ರವಾರ ತ್ರೇಸ್ಯಮ್ಮನನ್ನು ಗೇಟಿನವರೆಗೆ ನಡೆಸುವ ಕೆಲಸ ನನ್ನದೇ ಆಗಿದೆ. ಚಿಲಕಗಳ ವಿಷಯದಲ್ಲಿ ಹೇಳಿಕೊಳ್ಳುವಂಥ ಪ್ರಗತಿಯಿಲ್ಲ. ಮೊನ್ನೆ ನಾನು ಹಿತ್ತಲ ಬಾಗಿಲ ಬಳಿ ಸದ್ದು ಮಾಡುತ್ತಿದ್ದಾಗ ಲೂಸಿ ಅಡುಗೆಮನೆಯಿಂದ ಅದೇ ಹಳೆಯ ಪ್ರಶ್ನೆ ಕೇಳಿದಳು, ಆನೆ ಎದುರು ಬಂದರೆ ಕೈ ಮೊದಲು ಯಾವುದಕ್ಕೆ ಹೋಗುತ್ತದೆಂದು. ಮಂಗಳವಾರ ಶುಕ್ರವಾರ ಕೈ ಬಿಡುವಾಗಿರುವುದಿಲ್ಲ ಎಂದೆ. ಉಳಿದ ದಿನಗಳ ಬಗ್ಗೆ ಅವಳು ಕೇಳಲಿಲ್ಲ.