ಜೇನು ತೂಗದ ತಕ್ಕಡಿಗಾರ

ಮೊದಲ ದಿನ ಅಂಗಡಿಯ ಯಜಮಾನರು ನನ್ನ ಮುಖ ನೋಡಲಿಲ್ಲ, ನನ್ನ ಕೈಯಲ್ಲಿದ್ದ ಚಮಚ ನೋಡಿದರು. ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸಿ ಚಹಾ ಕಾಯಿಸಲು ಒಬ್ಬ ಹೆಂಗಸು ಬೇಕಂತೆ ಎಂದು ಕೇಳಿ ಹೋಗಿದ್ದೆ. ನನ್ನ ಗಂಡ ತೀರಿಹೋಗಿ ಆಗ ಏಳು ತಿಂಗಳು. ಅಂಗಡಿಯ ಹಿಂದೆ ಒಂದು ಕಿರುಕೋಣೆ, ಅದರಲ್ಲಿ ಒಲೆ, ಮೂರು ಲೋಟ, ಒಂದು ಡಬ್ಬಿ ಸಕ್ಕರೆ. ಚಹಾ ಸೋಸಿ ಡಬ್ಬಿಗೆ ಚಮಚ ಹಾಕಿದೆ.

"ಎಷ್ಟು ಹಾಕ್ತಿದ್ದೀಯಮ್ಮಾ?" ಬಾಗಿಲಲ್ಲಿ ನಿಂತು ಕೇಳಿದರು.

"ಒಂದು ಚಮಚ, ಯಜಮಾನ್ರೆ."

"ಚಮಚ ಅನ್ನೋದೂ ಒಂದು ತೂಕಾನಾ? ಖುಷಿಯಾದ ದಿನ ಗುಡ್ಡದ ಹಾಗೆ ತುಂಬ್ತೀಯ, ಸಿಟ್ಟು ಬಂದ ದಿನ ತಳ ಕಾಣೋ ಹಾಗೆ ಹಾಕ್ತೀಯ. ಇಲ್ಲಿ ತಾ."

ಚಿನ್ನ ತೂಗುವ ತಕ್ಕಡಿಯ ಗಾಜಿನ ಬಾಗಿಲು ಮೇಲಕ್ಕೆತ್ತಿ, ತಟ್ಟೆಯ ಮೇಲೆ ಕಾಗದ ಹಾಸಿ, ಉಸಿರು ಬಿಗಿಹಿಡಿದು ನನ್ನ ಸಕ್ಕರೆ ತೂಗಿದರು. ನಾಲ್ಕು ಗ್ರಾಂ ಬಂತು. "ಇನ್ನು ಮುಂದೆ ಇಷ್ಟೇ. ಒಂದು ಹರಳು ಹೆಚ್ಚೂ ಬೇಡ, ಕಮ್ಮೀನೂ ಬೇಡ" ಎಂದರು. ಅಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಕೆಲಸ ಮಾತ್ರ ಸಿಕ್ಕಿತು, ಹತ್ತೊಂಬತ್ತು ವರ್ಷ ಮಾಡಿದೆ.

ಅವರನ್ನು ಎಲ್ಲರೂ ಗುಲಗಂಜಿ ಎನ್ನುತ್ತಿದ್ದರು. ಆ ಹೆಸರಿಟ್ಟವನು ದಪ್ಪ ಅಕ್ಕಸಾಲಿ. ತನ್ನ ತಕ್ಕಡಿ ಒಂದು ಗುಲಗಂಜಿಯಷ್ಟೂ ವಾಲದೆ ನಿಲ್ಲಬೇಕು ಎಂದು ವರ್ಷಕ್ಕೆರಡು ಸಲ ತಂದು ಕೊಡುತ್ತಿದ್ದ. ತಕ್ಕಡಿಯ ಮುಳ್ಳು ಕೂದಲಿನಷ್ಟು ಸಣ್ಣ ಗೆರೆಯ ಮೇಲೆ ನಿಲ್ಲುವವರೆಗೆ ಯಜಮಾನರು ಬಿಡುತ್ತಿರಲಿಲ್ಲ. ತಕ್ಕಡಿಯ ದಂಡವನ್ನು ಅರದಲ್ಲಿ ಒಂದೇ ಒಂದು ಎಳೆತ ಉಜ್ಜುವುದು, ನೋಡುವುದು, ಮತ್ತೊಂದು ಎಳೆತ. ಆ ಕೆಲಸಕ್ಕೆ ಬೇಕಾದದ್ದು ಎರಡೇ: ನಡುಗದ ಕೈ, ಮಸುಕಾಗದ ಕಣ್ಣು. ಎರಡೂ ಅವರಿಗೆ ಇದ್ದವು, ಇವೆಯೆಂಬ ಜಂಬವೂ ಇತ್ತು.

ಅವರ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತಂದಾಗ ನನ್ನ ಪಕ್ಕ ಕೂತು ಹೇಳುವರು: "ಮಗಳು ಹುಟ್ಟಿದಾಗ ಇವ್ರು ಹೆಣ್ಣಾ ಗಂಡಾ ಅಂತ ಕೇಳ್ಲಿಲ್ಲ ಕಣಕ್ಕಾ. ಆಸ್ಪತ್ರೆಯವ್ರು ಮಗೂನ ತೂಗಿದ ತಕ್ಕಡಿಗೆ ತೂಕ ಸರಿಯಿದೆ ಅನ್ನೋ ಸೀಲ್ ಇದೆಯಾ ಅಂತ ಕೇಳಿದ್ರು."

"ಇತ್ತಾ?" ಎಂದೆ.

"ಇರ್ಲಿಲ್ಲ. ಇವತ್ತಿಗೂ ಮಗಳ ಹುಟ್ಟಿದ ತೂಕ ನಂಬಲ್ಲ."

ಐವತ್ತಾರು ತುಂಬಿದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಕಣ್ಣೊಳಗೆ ದೀಪ ಬಿಟ್ಟು ನೋಡಿ, ಹಿಂದಿನ ಪರದೆಯಲ್ಲಿ ಆಗಲೇ ರಕ್ತದ ಚುಕ್ಕಿ ಬಿದ್ದಿದೆ, ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ ಎಂದರಂತೆ. ಸಕ್ಕರೆ, ಬೆಲ್ಲ, ಜೇನು ಮೂರನ್ನೂ ಬಿಡಿ, ಸಿಹಿ ಬೇಕೇ ಬೇಕೆಂದರೆ ಮಾತ್ರೆ ಹಾಕಿಕೊಳ್ಳಿ ಎಂದೂ ಬಿಡಿಸಿ ಹೇಳಿದ್ದರು. ಹೆಂಡತಿ ಜೊತೆಗಿದ್ದು ಕೇಳಿಸಿಕೊಂಡಿದ್ದರು.

ಯಜಮಾನರು ಅಂಗಡಿಗೆ ಬಂದವರೇ, "ಆ ಡಾಕ್ಟ್ರ ಮಾತು ಪರೀಕ್ಷೆ ಮಾಡ್ದೆ ಒಪ್ಪೋ ಹಾಗಿಲ್ಲ" ಎಂದರು. "ನನ್ನ ನಿಲ್ಲಿಸಿ ತೂಗಿದ್ರಲ್ಲ, ಆ ಯಂತ್ರ ಒಂದೂವರೆ ಕಿಲೋ ಸುಳ್ಳು ಹೇಳುತ್ತೆ. ತಕ್ಕಡಿನೇ ಸರಿಯಿಟ್ಕೊಳ್ದೋರು ನನ್ನ ರಕ್ತ ಏನು ಅಳೀತಾರೆ?"

ಮಾರನೆಯ ದಿನ ಮೇಜಿನ ಮೇಲೆ ಐದು ಲೋಟ ಚಹಾ ಸಾಲಾಗಿ ಇಡಿಸಿದರು. ಒಂದಕ್ಕೆ ಸಕ್ಕರೆ, ಒಂದಕ್ಕೆ ಬೆಲ್ಲ, ಒಂದಕ್ಕೆ ಜೇನು, ಒಂದಕ್ಕೆ ಯಾವುದೋ ಸಿಹಿ ಎಲೆಯ ಪುಡಿ, ಕೊನೆಯದಕ್ಕೆ ಮಾತ್ರೆ. ತಕ್ಕಡಿಗಳಿಗೆ ಯೋಗ್ಯತೆ ಬರೆದುಕೊಡುವ ಪುಸ್ತಕವನ್ನೇ ಬಿಚ್ಚಿ ಒಂದೊಂದನ್ನೂ ಚಪ್ಪರಿಸಿ ಬರೆದರು. ದಪ್ಪ ಅಕ್ಕಸಾಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

ಸಕ್ಕರೆ ಫೇಲ್, ಅದು ಡಾಕ್ಟರ ಮರ್ಯಾದೆಗೆ. ಬೆಲ್ಲ ಹಾಲನ್ನು ಒಡೆಸಿತು, ಅದೂ ಫೇಲ್. ಎಲೆಯ ಪುಡಿ ಕುಡಿದು, ಅರ ನೆಕ್ಕಿದ ಹಾಗಿದೆ ಎಂದರು. ಮಾತ್ರೆಯನ್ನು ಮಾತ್ರ ಕುಡಿಯುವ ಮೊದಲು ಚಿಮಟದಲ್ಲಿ ಹಿಡಿದು ತೂಗಿದರು. ಅರವತ್ತು ಮಿಲಿಗ್ರಾಂ. ಅವರ ಮುಖ ಗಂಟಾಯಿತು.

"ಒಂದು ಲೋಟಕ್ಕೆ ನಾಲ್ಕು ಗ್ರಾಂ ಸಿಹಿ ಬೇಕು. ಇದು ಒಂದು ಗುಲಗಂಜಿಯಷ್ಟೂ ಇಲ್ಲ, ಲೋಟಾನೇ ಸಿಹಿ ಮಾಡುತ್ತೆ. ತೂಕ ಇಲ್ದೆ ಕೆಲ್ಸ ಮಾಡೋದು ಮೋಸ. ಮೂವತ್ತು ವರ್ಷದಿಂದ ಇಂಥದ್ದನ್ನೇ ನಾನು ಹಿಡೀತಿರೋದು."

"ಸರಿ ಹಾಗಾದ್ರೆ, ಅದ್ಕೂ ಒಂದು ನೋಟೀಸ್ ಕೊಡು" ಎಂದ ಅಕ್ಕಸಾಲಿ.

ಜೇನು ಪಾಸಾಯಿತು. ಹೂವಿನದು, ಔಷಧಿಯದು, ಯಾವ ಕಾರ್ಖಾನೆಯ ಕೈಯೂ ತಾಗದ್ದು. ಆದರೆ ಅದನ್ನು ತೂಗಲಿಲ್ಲ. "ಅಂಟು ಪದಾರ್ಥ ಈ ಮೇಜಿಗೆ ತರಬೇಡ. ಒಂದು ತೊಟ್ಟು ತಟ್ಟೆಗೆ ತಾಗಿದ್ರೆ ತಕ್ಕಡಿ ಜಾತಿಗೆಟ್ಟ ಹಾಗೆ. ಜೇನು ಚಮಚದಲ್ಲೇ ಹಾಕು, ಒಂದು ಚಮಚ" ಎಂದರು. ಹೀಗೆ ಜಗತ್ತಿನ ಎಲ್ಲ ಪದಾರ್ಥವನ್ನೂ ಗ್ರಾಮಿನಲ್ಲಿ ನಂಬುತ್ತಿದ್ದ ಮನುಷ್ಯ ಒಂದನ್ನು ಮಾತ್ರ ಚಮಚದಲ್ಲಿ ನಂಬಿದರು. ಔಷಧಿ ಎಂದಮೇಲೆ ದಿನಕ್ಕೆ ಎರಡು ಲೋಟ ಇದ್ದದ್ದು ಐದಾಯಿತು. ಬಂದವರಿಗೆಲ್ಲ ಜೇನಿನ ಗುಣ ಹೇಳುವರು. ಜೇನಿನ ಬಾಟಲಿ ಕಿಟಕಿಯಲ್ಲಿ, ಬಿಸಿಲು ಬೀಳುವ ಕಡೆ, ಎಲ್ಲರಿಗೂ ಕಾಣುವ ಹಾಗೆ ಕೂತಿತು.

ಮೂರು ವರ್ಷ ಹೀಗೆ ನಡೆಯಿತು. ಒಂದು ದಿನ ದಪ್ಪ ಅಕ್ಕಸಾಲಿ ಹಿಂದಿನ ದಿನವಷ್ಟೇ ಒಯ್ದಿದ್ದ ತಕ್ಕಡಿಯನ್ನು ವಾಪಸ್ ತಂದು ಮೇಜಿನ ಮೇಲಿಟ್ಟ. ಅವನು ತಮಾಷೆ ಮಾಡಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ಎಡಕ್ಕೆ ವಾಲ್ತಿದೆ, ಗುಲಗಂಜಿ."

"ನಿನ್ನ ಗೋಡೆ ವಾಲಿರ್ಬೇಕು."

"ಎರಡು ಗೆರೆ ವಾಲ್ತಿದೆ. ಒಂದಲ್ಲ, ಎರಡು. ನಿಂಗೆ ಕಾಣ್ಲಿಲ್ವಾ?"

ಯಜಮಾನರು ಕನ್ನಡಕ ಒರೆಸಿದರು, ಮುಳ್ಳಿನ ಹತ್ತಿರ ಮುಖ ಒಯ್ದರು, ಮತ್ತೆ ಒರೆಸಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ. ಕಣ್ಣು ಹೋದರೆ ಅಂಗಡಿ ಹೋಯಿತು, ಅಂಗಡಿ ಬಿಟ್ಟರೆ ಅವರಿಗೆ ಬೇರೆ ಏನೂ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಹೆಂಡತಿಯೇ ಬೇಕು.

ಅವತ್ತು ಅವರು ಡಾಕ್ಟರ ಹತ್ತಿರ ಹೋದಾಗ ನಾನು ಒಂದು ಕೆಲಸ ಮಾಡಿದೆ. ದಿನಸಿ ಅಂಗಡಿಯ ತಕ್ಕಡಿಯೊಂದು ರಿಪೇರಿಯಾಗಿ ಕೂತಿತ್ತು. ಖಾಲಿ ಲೋಟವನ್ನು ತೂಗಿ, ಅದಕ್ಕೆ ಹತ್ತು ಚಮಚ ಸಕ್ಕರೆ ಹಾಕಿದೆ, ನಲವತ್ತು ಗ್ರಾಂ ಬಂತು. ಲೋಟ ತೊಳೆದು ಒರೆಸಿ ಹತ್ತು ಚಮಚ ಜೇನು ಹಾಕಿದೆ, ಅವರಿಗೆ ಹಾಕುವ ಹಾಗೆಯೇ, ಚಮಚದ ಬೆನ್ನಿಗೆ ಅಂಟಿದ್ದನ್ನೂ ಸೇರಿಸಿ. ತೊಂಬತ್ತೊಂದು. ನನ್ನ ಕೈ ತಪ್ಪಿರಬಹುದೆಂದು ಮತ್ತೊಮ್ಮೆ ಮಾಡಿದೆ. ತೊಂಬತ್ತು.

ಸಂಜೆ ಅವರು ಬಂದರು, ಕಣ್ಣಿಗೆ ಮದ್ದು ಹಾಕಿಸಿಕೊಂಡು, ಹೆಂಡತಿಯ ತೋಳು ಹಿಡಿದುಕೊಂಡು. ರಕ್ತದಲ್ಲಿ ಸಕ್ಕರೆ ಮೊದಲಿಗಿಂತ ಹೆಚ್ಚಾಗಿದೆಯಂತೆ. ನಾನು ತೂಗಿದ್ದನ್ನು ಹೇಳಿದೆ: ಹತ್ತು ಚಮಚ ಸಕ್ಕರೆ ನಲವತ್ತು, ಹತ್ತು ಚಮಚ ಜೇನು ತೊಂಬತ್ತು.

"ಚಮಚ ಸೊಟ್ಟಗಿರ್ಬೇಕು" ಎಂದರು.

"ಎರಡಕ್ಕೂ ಒಂದೇ ಚಮಚ, ಯಜಮಾನ್ರೆ."

"ಯಾವ ತಕ್ಕಡಿಯಲ್ಲಿ ತೂಗ್ದೆ?"

"ಮೊನ್ನೆ ನೀವೇ ಸರಿಮಾಡಿ ಸೀಲ್ ಹಾಕಿದ್ದರಲ್ಲಿ."

ತಮ್ಮ ಕಣ್ಣು ತಪ್ಪಿದೆ ಎಂದು ಒಪ್ಪಿದರೆ ಮಾತ್ರ ನನ್ನ ತೂಕ ಸುಳ್ಳಾಗುತ್ತಿತ್ತು. "ಹಾಳು ಜೇನು ಲೋಟಕ್ಕೆ ಹಾಕಿ ತೂಗಿದ್ರೆ ತಟ್ಟೆಗೇನಾಗ್ತಿತ್ತು?" ಎಂದು ಹೆಂಡತಿ ಕೇಳಿದರು. ಅವರು ಕಿಟಕಿಯ ಕಡೆ ಹೋಗಿ ಜೇನಿನ ಬಾಟಲಿ ತಂದು ನನ್ನ ಕೈಗಿಟ್ಟರು.

ಅವತ್ತಿನಿಂದ ಮಾತ್ರೆ. ಪ್ರತಿ ಲೋಟಕ್ಕೂ "ಮೋಸ" ಎನ್ನುವರು, ಲೋಟ ಖಾಲಿ ಮಾಡುವರು. ಡಾಕ್ಟರು ಕಣ್ಣಿಗೆ ನಾಲ್ಕು ಸಲ ಲೇಸರ್ ಕಿರಣ ಬಿಟ್ಟರು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಎಲ್ಲವೂ ಹಬೆಯೊಳಗಿಂದ ಕಂಡ ಹಾಗೆ ಕಾಣುತ್ತದೆ ಎಂದರು. ಬೀದಿಯವರ ತಕ್ಕಡಿಗಳು ಬೇರೆ ಅಂಗಡಿಗೆ ಹೋದವು. ಮಗಳು ಬಂದು ಸಾಮಾನು ಕಟ್ಟತೊಡಗಿದಳು, ಅಪ್ಪ ಅಮ್ಮ ಇಬ್ಬರನ್ನೂ ತನ್ನ ಊರಿಗೆ ಕರೆದೊಯ್ಯಲು.

ಹೊರಡುವ ದಿನ ಬೆಳಿಗ್ಗೆ ದಪ್ಪ ಅಕ್ಕಸಾಲಿ ತನ್ನ ತಕ್ಕಡಿ ತಂದಿಟ್ಟ. "ಬೇರೆಯವ್ರು ಮುಟ್ಟಿದ್ರೆ ಇದು ಮುನಿಸ್ಕೊಳ್ಳುತ್ತೆ" ಎಂದು ಹೇಳಿ, ನಿಲ್ಲದೆ ಹೊರಟುಹೋದ. ಯಜಮಾನರು ನನ್ನನ್ನು ಕರೆದು ಮುಳ್ಳಿನ ಎದುರು ನಿಲ್ಲಿಸಿದರು.

"ಎಲ್ಲಿದೆ?"

"ಬಲಕ್ಕೆ, ಒಂದು ಗೆರೆ."

ಬೆರಳಲ್ಲೇ ತಡವಿ ಅರ ಎಳೆದರು. ಕೈ ಆಗಲೂ ನಡುಗಲಿಲ್ಲ.

"ಈಗ?"

"ಅರ್ಧ ಗೆರೆ."

ಹನ್ನೊಂದು ಸಲ ಕೇಳಿದರು, ಹನ್ನೊಂದು ಸಲ ಹೇಳಿದೆ. ಕೊನೆಗೆ ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ನಿಂತಿದೆ ಎಂದೆ. ಅವರು ಎರಡು ತಟ್ಟೆಯ ತೂಕದ ಕಲ್ಲುಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿದರು. ಆಗಲೂ ಮಧ್ಯವೇ. ಹೊರಗೆ ಮಗಳು "ಅಪ್ಪಾ, ಹೊತ್ತಾಯ್ತು" ಎಂದು ಕೂಗಿದಳು. ಅವರು ಸೀಲು ಕೈಗೆತ್ತಿಕೊಂಡರು, ಹಾಕದೆ ಹಾಗೇ ಹಿಡಿದು, ನಾನಿದ್ದೇನೆಂದು ಅಂದುಕೊಂಡ ಕಡೆಗೆ ತಿರುಗಿದರು.

"ಅಲ್ಲಮ್ಮಾ, ನೀನು ಯಾವತ್ತಾದ್ರೂ ನಿನ್ನ ಕಣ್ಣು ಪರೀಕ್ಷೆ ಮಾಡ್ಸಿದ್ದೀಯಾ?"