ರಿಂಗ್ ರೋಡಿನಲ್ಲಿ ಹೊಡೆದ ಜರ್ಕ್

ನನ್ನ ಹೆಂಡತಿ ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಎಡ ಮಂಡಿ ನೋವು, ಕ್ಲಚ್ ತುಳಿಯಲಾಗದು ಎಂದೇ ಆಟೊಮ್ಯಾಟಿಕ್ ಕಾರು ಕೊಂಡಿದ್ದೆ. ಸೆಕೆಂಡ್ ಹ್ಯಾಂಡ್, ಮಾರುವವನು ಬೆವರುವ ತನಕ ಚೌಕಾಸಿ ಮಾಡಿದ್ದೆ. ಕುಳ್ಳಗಿರುವ ಅವಳು ಸೀಟಿನ ಮೇಲೊಂದು ದಿಂಬು ಹಾಕಿಕೊಂಡು, ವಾರಕ್ಕೆರಡು ಸಲ ರಾಮಕೃಷ್ಣನಗರದಿಂದ ರಿಂಗ್ ರೋಡ್ ಹಿಡಿದು ಗೋಕುಲಂನಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದಳು. ಮದುವೆಯಾದಾಗಿನಿಂದ ಎಲ್ಲಿಗೆ ಹೋಗಬೇಕಾದರೂ ನನ್ನ ಬಿಡುವಿಗೆ ಕಾದವಳು. ಆ ಎರಡು ದಿನ ಮಾತ್ರ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಬಂದು ಹೇಳಿದಳು: "ರೀ, ಅರವತ್ತರಲ್ಲಿ ಒಂದೇ ಸಮ ಹೋಗ್ತಾ ಇದ್ರೆ ಕಾರು ಜರ್ಕ್ ಹೊಡೀತದೆ ಕಣ್ರೀ. ಹಿಂದಿನಿಂದ ಯಾರೋ ಹಿಡಿದು ಹಿಡಿದು ಬಿಟ್ಟಂಗೆ."

ಮರುದಿನ ನಾನೇ ಓಡಿಸಿ ನೋಡಿದೆ. ನಯವಾಗಿ ಹೋಯಿತು.

"ಕಾರಲ್ಲಿ ಏನೂ ಇಲ್ಲ. ನಿನ್ನ ಕಾಲು ನಡುಗ್ತದೆ ಅಷ್ಟೇ."

"ನಾನು ಕಾಲು ಅಲ್ಲಾಡಿಸೋದೇ ಇಲ್ವಲ್ರೀ."

ಇನ್ನೆರಡು ಸಲ ಹೇಳಿದಳು. ಎರಡು ಸಲವೂ ಓಡಿಸಿ ನೋಡಿ ಅದೇ ಉತ್ತರ ಕೊಟ್ಟೆ. ಆಮೇಲೆ ಅವಳ ಅಕ್ಕನ ಮನೆಯ ಸತ್ಯನಾರಾಯಣ ಪೂಜೆಯ ದಿನ, ಊಟಕ್ಕೆ ಕೂತ ನೆಂಟರೆದುರಿಗೆ, "ಜ್ವರ ಬಂದಿರೋದು ಕಾರಿಗಲ್ಲ, ಇವಳ ಕಾಲಿಗೆ" ಎಂದೆ. ಪಂಕ್ತಿಯೇ ನಕ್ಕಿತು. ಅವಳೂ ನಕ್ಕಳು. ಮಾರನೆಯ ದಿನದಿಂದ ಕಾರಿನ ಕೀಲಿ ಅವಳ ಕೈ ತಾಗದೆ ಮೊಳೆಯಲ್ಲೇ ನೇತಾಡಿತು.

ಎರಡು ತಿಂಗಳ ಮೇಲೆ ಬ್ರೇಕ್ ಪ್ಯಾಡ್ ಹಾಕಿಸಲು ದಟ್ಟಗಳ್ಳಿಯ ಮೆಕ್ಯಾನಿಕ್ ಹತ್ತಿರ ಹೋದಾಗ ಈ ಸಂಗತಿಯನ್ನೂ ತಮಾಷೆಯಾಗಿ ಹೇಳಿದೆ. ಅವನು ನಗಲಿಲ್ಲ. ಪಕ್ಕದಲ್ಲಿ ಕೂತು ರಿಂಗ್ ರೋಡಿಗೆ ಹೊರಡಿಸಿದ.

"ಸಾರ್, ಕಾಲು ಒಂದೇ ಕಡೆ ಇಡಿ."

"ಇಟ್ಟಿದ್ದೀನಲ್ಲಯ್ಯ."

"ಎಲ್ಲಿ ಇಟ್ಟಿದ್ದೀರಿ? ಮುಂದೆ ಒಂದು ಲಾರಿ ಕಂಡ್ರೆ ಸಾಕು, ಓವರ್‌ಟೇಕ್ ಮಾಡಕ್ಕೆ ತುಳಿದ್ಬುಡ್ತೀರಿ. ನಿಮ್ಮ ಟೈಲ್ಸ್ ಅಂಗಡೀಲಿ ರೇಟಿಗೆ ಜಗ್ಗಾಡ್ದಂಗೆ ಓಡಿಸ್ತೀರಲ್ಲ ಸಾರ್!"

ಲೋಡು ಹೊತ್ತು ಶುರು ಮಾಡಿ ಸ್ವಂತ ಅಂಗಡಿ ಇಟ್ಟವನು ನಾನು. ಇನ್ನೊಬ್ಬರ ಹಿಂದೆ ಸುಮ್ಮನೆ ಹೋಗಿ ಗೊತ್ತಿಲ್ಲ. ಹಲ್ಲು ಕಚ್ಚಿ ಅರವತ್ತರಲ್ಲಿ ಕಾಲು ಬಿಗಿ ಹಿಡಿದೆ. ಸ್ವಲ್ಪ ದೂರ ಏನೂ ಇಲ್ಲ. ಆಮೇಲೆ ಬಂತು. ಅವಳು ಹೇಳಿದ ಹಾಗೆಯೇ, ಹಿಡಿದು ಹಿಡಿದು ಬಿಟ್ಟ ಹಾಗೆ. ನನ್ನ ಕಾಲು ಅಲ್ಲಾಡಿರಲಿಲ್ಲ. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಅಲ್ಲಾಡುತ್ತಿತ್ತು.

ಹಿಂದೆ ಯಾವ ಗಾಡಿಯೂ ಇಲ್ಲವೆಂದು ನೋಡಿಕೊಂಡು ಅವನು, "ಎಡಗಾಲಲ್ಲಿ ಬ್ರೇಕ್ ಸುಮ್ನೆ ಮುಟ್ಸಿ" ಎಂದ. ಮುಟ್ಟಿಸಿದೆ. ಜರ್ಕ್ ನಿಂತುಹೋಯಿತು. ಒಂದೇ ವೇಗದಲ್ಲಿ ಹೋಗುವಾಗ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ಕ್ಲಚ್ ತಾನಾಗಿ ಕಚ್ಚಿಕೊಳ್ಳುತ್ತದಂತೆ. ಬ್ರೇಕ್ ಮುಟ್ಟಿದರೆ ಬಿಡುತ್ತದಂತೆ. ಆಯಿಲ್ ಕೆಟ್ಟಿದ್ದರೆ ಸರಿಯಾಗಿ ಕಚ್ಚದೆ ಜಾರಿ ಜಾರಿ ಜರ್ಕ್ ಹೊಡೆಯುತ್ತದಂತೆ.

"ಗೇರ್ ಬಾಕ್ಸ್ ಆಯಿಲ್ ಯಾವಾಗ ಸಾರ್ ಚೇಂಜ್ ಮಾಡ್ಸಿದ್ದು?"

ದೊಡ್ಡ ಸರ್ವೀಸಿನ ಪಟ್ಟಿಯಲ್ಲಿ ಆ ಸಾಲನ್ನು ದುಡ್ಡುಳಿಸಲು ಹೊಡೆದು ಹಾಕಿಸಿದವನು ನಾನೇ. ಮನೆಗೆ ಬಂದು ಅದನ್ನು ಗೆಲುವೆಂಬಂತೆ ಹೆಂಡತಿಗೆ ವರ್ಣಿಸಿದ್ದೆ ಕೂಡ.

ಕಾರು ಕೊಳ್ಳುವವರಿಗೆ ಈಗಲೂ ಬುದ್ಧಿ ಹೇಳುತ್ತೇನೆ: ಟಯರಿನಲ್ಲಿ ಚೌಕಾಸಿ ಮಾಡಿ, ಬ್ಯಾಟರಿಯಲ್ಲಿ ಮಾಡಿ, ಗೇರ್ ಬಾಕ್ಸ್ ಆಯಿಲ್ ತಂಟೆಗೆ ಹೋಗಬೇಡಿ. ದಿನಾ ಓಡಿಸುವವರು ದೂರು ಹೇಳಿದರೆ ಸ್ಟಿಯರಿಂಗ್ ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಕೂರಿ. ಎಲ್ಲರೂ ತಲೆಯಾಡಿಸುತ್ತಾರೆ.

ಆಯಿಲ್ ಬದಲಾಯಿಸಿ ಎರಡು ವಾರ ಓಡಿಸಿದೆ. ಜರ್ಕ್ ಮತ್ತೆ ಬರಲಿಲ್ಲ. ಕೀಲಿ ಅವಳ ಮುಂದಿಟ್ಟೆ.

"ಆಯಿಲ್ ಕೆಟ್ಟಿತ್ತಂತೆ ಕಣೇ. ನಿನ್ನ ಕಾಲಲ್ಲ."

ಅವಳು ಸೊಪ್ಪು ಬಿಡಿಸುತ್ತಿದ್ದಳು. "ಆವತ್ತು ಅಕ್ಕನ ಮನೇಲಿ ಎಲ್ರ ಮುಂದೆ ಹೇಳಿದ್ರಲ್ಲ, ಇದನ್ನೂ ಅಂಗೇ ಹೇಳ್ತೀರಾ?"

"ನೋಡೋಣ" ಎಂದೆ. ಕೊಳ್ಳುವ ಮನಸ್ಸಿಲ್ಲದ ಮಾಲಿಗೆ ನಾನು ಅಂಗಡಿಯಲ್ಲಿ ಹೇಳುವ ಮಾತು ಅದು. ಅಷ್ಟು ವರ್ಷ ಜೊತೆಗಿದ್ದವಳಿಗೆ ಗೊತ್ತಿಲ್ಲವೇ?

"ಆಟೋ ಇದೆ ಬುಡ್ರೀ" ಎಂದಳು.

ಅವಳ ದಿಂಬು ಈಗ ಹೊಲಿಗೆ ಮಿಷಿನ್ನಿನ ಸ್ಟೂಲಿನ ಮೇಲಿದೆ. ಆಮೇಲೆ ಎರಡು ಸಲ ಅವಳ ಅಕ್ಕನ ಮನೆಗೆ ಒಟ್ಟಿಗೆ ಹೋದೆವು. ಎರಡು ಸಲವೂ, ಕಾರು ಈಗ ಎಷ್ಟು ನಯವಾಗಿ ಹೋಗುತ್ತದೆಂದು ಎಲ್ಲರಿಗೂ ಹೇಳಿದೆ. ಏನು ಕೆಟ್ಟಿತ್ತೆಂದು ಅವಳ ಭಾವ ಕೇಳಿದರು. ಅವಳು ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಏನೋ ಸಣ್ಣದು" ಎಂದೆ.